ಸುಮಂಗಲಾ, ಕುಷಾಯಿಗೂಡ, ಒಂದು ಸೀಟು

ಸಣ್ಣವರು ಮಲಗ್ಯಾರಲ್ಲ? ಹಂಗಾರ ಹೇಳ್ತೀನಿ. ಕಟ್ಟಿದ ಮಾತು ಅನ್ನಬ್ಯಾಡ್ರಿ, ನಮ್ಮ ಸೋದರಮಾವನ ಮಗ ಚೇತನಕುಮಾರಗ ಆಗಿದ್ದು.

ಮಾದಾಪುರದಾಗ ದಿನಕ್ಕೊಂದು ಗಾಜಿನ ಬಿಲ್ಡಿಂಗ್ ಏಳಾಕತ್ತಿದ್ದ ಕಾಲ ಅದು. ಇವನ ಆಫೀಸಿನಿಂದ ದೊಡ್ಡ ರಸ್ತಾಕ್ಕ ಹೋಗೂ ದಾರ್‍ಯಾಗ ಒಂದು ಆಲದ ಮರ ಇತ್ತು... ಈಗ ಕಡದಾರ. ಅವತ್ತು ನಡುರಾತ್ರಿ ಮೀರಿತ್ತು. ಆ ಮರದ ಕೆಳಗ ಆಫೀಸಿನ ಹುಡುಗಿ ಒಬ್ಬಾಕಿನ ನಡಕೊಂಡು ಹೊಂಟಿದ್ಲು. ಹೆಸರು ಸುಮಂಗಲಾ, ಮನಿ ಶಹರದ ಆ ತುದಿ ಕುಷಾಯಿಗೂಡದಾಗ. ಚಪ್ಪಲಿ ಚಟ್... ಚಟ್... ಒಣಗಿದ ಎಲಿ ಚರಕ್... ಮತ್ತೇನೂ ಸಪ್ಪಳಿಲ್ಲ. ಮೊಬೈಲ್ ಚಾರ್ಜ್ ಮುಗಿದಿತ್ತು. ಆಕಿ ಆಫೀಸಿನ ಗಾಡ್ಯಾಗ ಕುಂತು ಹೋಗಬೇಕಿತ್ತು. ಆದರ ಗಾಡಿ ಡ್ರೈವರ್ ಹೆಸರು ಬರೆದ ಹಾಳಿ ನೋಡಿ, "ಕುಷಾಯಿಗೂಡದ ಸುಮಂಗಲಾನ್ನ ಆಗಲೇ ಮನಿಗೆ ಬಿಟ್ಟಾರ" ಅಂದು ಹತ್ತಿಸ್ಕೊಳ್ಳಲಿಲ್ಲ.

ತಪ್ಪು ನಮ್ಮ ಚೇತನನದು. ರಾತ್ರಿ ಯಾರು ಯಾವ ಗಾಡ್ಯಾಗ ಅಂತ ಬರಿಯೂದೇ ಅವನ ಕೆಲಸ. ಟೀಮಿಗೊಂದು ಎಕ್ಸೆಲ್ ಫೈಲ್ ಬರತಿತ್ತು. ಎಲ್ಲಾ ತಂದು ಒಂದರಾಗ ಅಂಟಿಸಬೇಕು, ಎರಡು ಸಲ ಬಂದ ಹೆಸರು ತೆಗೀಬೇಕು, ಡ್ರೈವರಗ ಹಾಳಿ ಕೊಡಬೇಕು. ಸಂಗಡ ಕೆಲಸ ಮಾಡೂ ಜೋಡಿದಾರ ರಜಾ ಹಾಕಿದ್ದ, ಇವ ಹಗಲೂ ರಾತ್ರಿ ಒಬ್ಬನೇ. ಕಣ್ಣು ಉರಿ, ಕುತ್ತಿಗಿ ಮರಗಟ್ಟಿತ್ತು. ಎರಡು ಫೈಲಿನಾಗ ಕುಷಾಯಿಗೂಡದ ಸುಮಂಗಲಾ ಕಂಡ್ಲು. ಒಂದನ್ನ ಅಳಿಸಿಬಿಟ್ಟ.

ಅಲ್ರೀ, ಸತ್ತ ಅಜ್ಜಿ ಹೆಸರು ಮೊಮ್ಮಕ್ಕಳಿಗೆಲ್ಲಾ ಇಡೂದು ನಮ್ಮ ಕಡೆ ಇದ್ದದ್ದೇ. ನಮ್ಮ ಮನ್ಯಾಗೇ ಇಬ್ಬರು ಅಂಬವ್ವ ಅದಾರ, ಒಬ್ಬಾಕಿ ಇವನ ಸ್ವಂತ ತಂಗಿ! ನಿದ್ದಿಗೆಟ್ಟವಗ ಅದೆಲ್ಲಾ ಎಲ್ಲಿ ನೆನಪು.

ಟೇಬಲ್ ಮ್ಯಾಲಿನ ಫೋನು ಟ್ರಿಣ್... ಟ್ರಿಣ್... ಹುಡುಗಿ ತಾಯಿ ಯಮುನಾಬಾಯಿ. ದನಿ ಪಿಸುಪಿಸು.

"ತಮ್ಮಾ, ದೊಡ್ಡ ಸುಮಂಗಲಾ ಬಂದ್ಲು. ನಮ್ಮ ಸಣ್ಣಾಕಿ ಎಲ್ಲಿ?"

"ಇಬ್ಬರೇನ್ರಿ...?"

"ಒಬ್ಬಾಕಿ ನಮ್ಮ ಭಾವನ ಮಗಳು, ಒಬ್ಬಾಕಿ ನನ್ನ ಮಗಳು. ಇಬ್ಬರಿಗೂ ತೀರಿಕೊಂಡ ನಮ್ಮ ಅತ್ತಿ ಹೆಸರು."

ಚೇತನ ಫೋನು ಇಟ್ಟ. ಗೇಟಿಗೆ ಓಡಿದ. ಹುಡುಗಿ ನಡಕೊಂಡು ಹೋಗಿ ಭಾಳ ಹೊತ್ತಾತು ಅಂದ ವಾಚ್‌ಮನ್. ಆಲದ ಮರ, ದೊಡ್ಡ ರಸ್ತಾ, ಬಸ್ ಸ್ಟಾಪ್... ಯಾರೂ ಇಲ್ಲ. ಆಕಿಗೆ ಏನರೆ ಆಗಿದ್ರ ನಾನೇ ಕೊಂದಂಗ ಅಂತ ಅಲ್ಲೇ ಫುಟ್‌ಪಾತಿನ ಮ್ಯಾಲೆ ಕುಂತು ಅತ್ತನಂತ್ರಿ.

ವಾಪಸ್ ಬರೂದ್ರಾಗ ಫೋನು ಮತ್ತ ಬಡಕೊಳ್ಳಾಕತ್ತಿತ್ತು.

"ಬಂದ್ಲಪ್ಪಾ," ಅಂದ್ಲು ಯಮುನಾಬಾಯಿ. "ಮರದ ಹತ್ತಿರ ಒಂದು ಗಾಡಿ ತಾನಾಗೇ ನಿಂತು ಹತ್ತಿಸ್ಕೊಂಡ್ತಂತ. ಉಂಡು ಮಲಗ್ಯಾಳ."

ಹೊತ್ತು ಮೂಡೂ ಮುಂದ ಇನ್ನೊಬ್ಬ ಡ್ರೈವರ್ ಅಂಬಾದಾಸ ತನ್ನ ಸುಮೋ ತಂದು ಗೇಟಿಗೆ ನಿಲ್ಲಿಸಿದ. ರಾತ್ರಿ ಅವನಿಗೆ ಪಾಳಿ ಮುಗಿದು, ಖಾಲಿ ಗಾಡಿ ಮನಿಗೆ ಒಯ್ಯಾಕತ್ತಿದ್ದನಂತ. ಇಂಜಿನ್ ಬಂದ್ ಮಾಡಲಿಲ್ಲ, ಗುರ್ ಅನ್ನಾಕತ್ತಿತ್ತು. ಇಳದು ಬಂದು ಚೇತನನ ಕಿವ್ಯಾಗ ಅಂದ:

"ಮರದ ಕೆಳಗ ಹುಡುಗಿ ಹಿಂದ ಒಬ್ಬಾಕಿ ಮುದುಕಿ ಕೈ ಮಾಡಿದ್ಲರಿ. ಇಬ್ಬರನೂ ಹತ್ತಿಸ್ಕೊಂಡೆ."

"ಹುಡುಗಿ ತಾಯಿ ಫೋನಿನಾಗ ಮುದುಕಿ ಸುದ್ದಿನೇ ಹೇಳಿಲ್ಲಲ್ಲೋ."

"ಆಕಿ ಒಬ್ಬಾಕಿನ ಇಳದ್ಲು. ಮುದುಕಿ ಇಳೀಲಿಲ್ರಿ. ಹೆಸರು ಕೇಳಿದೆ... ಸುಮಂಗಲಾ ಅಂದ್ಲು."

"...ಈಗೆಲ್ಲಿ?"

"ಹಿಂದಿನ ಸೀಟಿನಾಗ. ಹೆಸರು ಅಳಿಸಿದವನ ಮಾರಿ ನೋಡೇ ಇಳೀತೀನಿ ಅಂತಾಳ."

ಚೇತನ ಗಾಡಿ ಕಡೆ ನೋಡಿದ. ಆದರೂ ಹೋದ. ಬಾಗಿಲು ತೆಗೆದ, ಕಟಕ್. ಒಳಗ ಯಾರೂ ಇರಲಿಲ್ಲ. ಕಿಡಕಿ ಕಡೆ ಸೀಟು ಮಾತ್ರ ಯಾರೋ ಕುಂತಂಗ ತೆಗ್ಗು ಬಿದ್ದಿತ್ತು.

"ತಪ್ಪಾತಬೇ ಯವ್ವಾ... ಭಾಳ ದಣದಿದ್ದೆ," ಅಂದ.

ಆಮ್ಯಾಲೆ ಆ ಸೀಟಿನ ತೆಗ್ಗು... ಉಸ್ಸ್... ಅಂತ ನಿಧಾನಕ ಮ್ಯಾಲೆದ್ದಿತು.

ನಗಬ್ಯಾಡ್ರಿ. ಇಬ್ಬರೂ ನಿಂತು ನೋಡ್ಯಾರ, ಬೇಕಾದ್ರ ಅಂಬಾದಾಸನ್ನ ಕೇಳ್ರಿ. ಚೇತನ ಕೆಲಸ ಬಿಟ್ಟಿರಬೇಕು ಅಂತೀರೇನು? ಅವತ್ತ ಸಂಜಿಗೆ ಮತ್ತ ಹೋದ. ಜೋಡಿದಾರ ಇನ್ನೂ ರಜಾದಾಗೇ ಇದ್ದ.