ಅಕ್ಕಣಿ ತಂದ ಕಡಲ ಹುಲ್ಲು

ಹೂಂ ಅನ್ನೋರು ಹತ್ತಿರ ಬನ್ನಿ. ಆಕಳಿಸೋರು ಗೋಡೆಗೆ ಒರಗ್ಕೊಳ್ಳಿ, ಈ ಕಥೆನ ಅರ್ಧ ನಿದ್ದೆಯಲ್ಲಿ ಕೇಳಿದ್ರೂ ನಡೆಯುತ್ತೆ. ಮಧ್ಯೆ ಬಾಯಿ ಹಾಕಿದ್ರೆ ಮಾತ್ರ ನಾನು ಎದ್ದು ಹೋಗ್ತೀನಿ, ಈಗಲೇ ಹೇಳಿದ್ದೀನಿ.

ಒಂದಾನೊಂದು ಕಾಲದಲ್ಲಿ, ಯಾವ ದೋಣಿಯೋನನ್ನ ಕೇಳಿದ್ರೂ "ಅಲ್ಲೆಲ್ಲೋ ಇದೆ" ಅಂತ ಕೈ ತೋರಿಸೋ ಒಂದು ಊರಿತ್ತು. ಊರ ಮುಂದೆ ಕೊಲ್ಲಿ. ಅದರ ನೀರು ಎಷ್ಟು ತಿಳಿ ಅಂದ್ರೆ, ದೋಣಿಯಲ್ಲಿ ಕೂತು ಬಗ್ಗಿದ್ರೆ ತಳದ ಹುಲ್ಲುಗಾವಲು ಕಾಣೋದು. ಹೌದಪ್ಪಾ, ನೀರಿನೊಳಗೆ ಹುಲ್ಲು! ನೀಳ, ತೆಳು, ಎಳೇ ಹಸಿರು ಹುಲ್ಲು. ಅದನ್ನ ಮೇಯೋಕೆ ಕಡಲಾಮೆಗಳು ಬರೋವು. ಅವುಗಳಲ್ಲಿ ಎಲ್ಲಕ್ಕಿಂತ ಹಳೇದನ್ನ ಊರೋರು ಅಜ್ಜಿ ಅಂತ ಕರೆಯೋರು. ಅಜ್ಜಿ ನೀರಿಂದ ತಲೆ ಎತ್ತಿ ಒಂದು ಸಲ ಉಸಿರು ಬಿಟ್ಟರೆ ಸಾಕು, ದಡದಲ್ಲಿ ಬಲೆ ಹೆಣೆಯೋರೆಲ್ಲ ಕೈ ಮುಗಿಯೋರು.

ಆ ಊರಲ್ಲೊಂದು ಪದ್ಧತಿ. ಮದುವೆಯಾಗಿ ಬರೋ ಹೆಣ್ಣು ತವರಿಂದ ಒಂದು ಬೇರು ತರಬೇಕು, ಗಂಡನ ಊರಲ್ಲಿ ನೆಡಬೇಕು. ಅದನ್ನ ಯಾರೂ ಕೀಳೋ ಹಾಗಿಲ್ಲ. ಕಿತ್ತರೆ ಸೊಸೆಯನ್ನೇ ಕಿತ್ತ ಹಾಗೆ, ಅವಳು ಗಂಟು ಕಟ್ಕೊಂಡು ತವರಿಗೆ ಹೊರಡಬೇಕು.

ಮುಕಾಂಬು ಅನ್ನೋ ಹೆಂಗಸಿನ ಮಗ ಜಟ್ಟ. ಅವನು ಕಡಲಾಚೆಯ ದ್ವೀಪದಿಂದ ಅಕ್ಕಣಿ ಅನ್ನೋ ಹುಡುಗೀನ ಮದುವೆಯಾಗಿ ಕರ್ಕೊಂಡು ಬಂದ. ಆ ದ್ವೀಪದಲ್ಲಿ ಮರಳು ಬಿಟ್ರೆ ಮಣ್ಣೇ ಇಲ್ಲ. ಪಾಪ, ಅವಳು ಏನು ತರ್ತಾಳೆ? ತಮ್ಮೂರ ಕಡಲ ಹುಲ್ಲಿನ ಬೇರನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು.

"ಇದನ್ನೆಲ್ಲಿ ನೆಡ್ಲಿ ಅತ್ತೆ?"

"ಕಡಲ ಹುಲ್ಲಲ್ವೇನೇ? ಕಡಲಲ್ಲೇ ನೆಡು," ಅಂದಳು ಮುಕಾಂಬು, ಒಲೆ ಊದ್ತಾ, ತಿರುಗಿಯೂ ನೋಡದೆ.

ಅಲ್ಲೇ ಆಯ್ತು ನೋಡಿ ಎಡವಟ್ಟು.

ಮೊದಲ ಮಳೆಗಾಲ ಕಳೆದಾಗ ಆ ಹುಲ್ಲು ಚಾಪೆಯಷ್ಟಾಯ್ತು. ಮುಂದಿನ ಮಳೆಗಾಲಕ್ಕೆ ಅಂಗಳದಷ್ಟು. ಅದರ ಮುಂದಿನದಕ್ಕೆ ಕೊಲ್ಲಿಯಲ್ಲಿ ಮುಕ್ಕಾಲು ಪಾಲು ಅದೇ! ಗಿಡ್ಡ ಎಲೆ, ಅಗಲ ಎಲೆ, ಒತ್ತೊತ್ತಾಗಿ. ಹಳೇ ಹುಲ್ಲಿಗೆ ಕಾಲೂರೋಕೂ ಜಾಗ ಇಲ್ಲ. ಅಜ್ಜಿ ಬಂತು. ಮೂಸಿತು, ಬಿಟ್ಟಿತು. ಕಚ್ಚಿತು, ಉಗುಳಿತು. ಇನ್ನೊಂದು ಸಲ ಕಚ್ಚಿ, ಮುಖ ತಿರುಗಿಸಿ ಹೊರಟೇ ಹೋಯ್ತು. ಎಲ್ಲಿಗೆ? ಹಳೇ ಹುಲ್ಲು ಉಳಿದಿದ್ದ ಒಂದು ಮೂಲೆಗೆ. ಬೇರೆ ದೊಡ್ಡ ಆಮೆಗಳೂ ಅಲ್ಲಿಗೇ. ಮನೆಮಂದಿಯೆಲ್ಲ ಒಂದೇ ತಟ್ಟೆಗೆ ಕೈ ಹಾಕಿದ್ರೆ ಏನಾಗುತ್ತೆ? ಚಿಗುರೋಕೂ ಬಿಡದೆ ಬುಡದವರೆಗೆ ಮೇಯ್ದವು. ಅಜ್ಜಿ ಬಡಕಲಾಯ್ತು. ಕುತ್ತಿಗೆ ಸಣ್ಣಗಾಯ್ತು, ಕಣ್ಣು ಗುಳಿ ಬಿತ್ತು.

ಊರ ಹಿರಿಯ ದುಗ್ಗಪ್ಪ ದಡದಲ್ಲಿ ಜನ ಸೇರಿಸಿದ. "ಅಜ್ಜಿ ಸಾಯ್ತಿದೆ. ಆ ಹುಲ್ಲು ಕೀಳಲೇಬೇಕು. ಕಿತ್ತ ಮೇಲೆ ಪದ್ಧತಿ ಪದ್ಧತಿನೇ, ಹುಡುಗಿ ಹೊರಡಲಿ."

"ಅವಳು ಹೋದ್ರೆ ನಾನೂ ಹೋಗ್ತೀನಿ!" ಅಂತ ಜಟ್ಟ ಎಗರಾಡಿದ. ಮುಕಾಂಬು ಸೊಸೆಯನ್ನೇ ನೋಡ್ತಾ ಕೂತಿದ್ದಳು.

ಅಕ್ಕಣಿ ಇಕ್ಕಟ್ಟಿಗೆ ಸಿಕ್ಕಳು. ಹುಲ್ಲು ಉಳಿದ್ರೆ ಅಜ್ಜಿ ಇಲ್ಲ, ಕಿತ್ತರೆ ಈ ಮನೆ ಇಲ್ಲ, ಗಂಡ ಇಲ್ಲ. ಊರೋರು ಮಾತಿಗೆ ಮಾತು ಬೆಳೆಸ್ತಿದ್ದಾಗ ಸದ್ದಿಲ್ಲದೆ ಎದ್ದು ಹೋಗಿ ಕೊಲ್ಲಿಗಿಳಿದಳು.

ಇಲ್ಲಿ ಸ್ವಲ್ಪ ಮೆಲ್ಲಗೆ ಹೇಳ್ತೀನಿ, ಕೇಳಿ. ಉರಿ ಮಧ್ಯಾಹ್ನ. ಗಾಳಿ ಇಲ್ಲ, ಅಲೆ ಇಲ್ಲ, ಒಂದು ಹಕ್ಕಿಯ ದನಿಯೂ ಇಲ್ಲ. ಅಕ್ಕಣಿ ಮುಳುಗಿದಳು. ಒಳಗೆ ಬಿಸಿಲು ಹಸಿರಾಗಿ ತೂಗಾಡ್ತಿತ್ತು. ಅವಳ ಕೂದಲು ಬಿಚ್ಚಿ ತೇಲಿತು. ಮೀನುಮರಿಗಳು ಅದರೊಳಗೆ ನುಗ್ಗಿ ಹೊರಬಂದವು. ಅವಳಿಗೆ ಉಸಿರು ಕಟ್ಟಲೇ ಇಲ್ಲ. ಯಾಕೆ ಅಂತ ಕೇಳ್ಬೇಡಿ, ನನಗೂ ಗೊತ್ತಿಲ್ಲ. ಎದುರಿಗೆ ಅಜ್ಜಿ ನಿಂತಿತ್ತು.

"ಅಜ್ಜೀ, ಯಾಕೆ ಹೀಗೆ ಉಪವಾಸ ಬಿದ್ದಿದ್ದೀಯ? ನಮ್ಮೂರ ಆಮೆಗಳು ಇದೇ ಹುಲ್ಲು ತಿಂದು ಗುಂಡಗಿದ್ದಾವೆ."

"ಅವು ಮೊದಲಿಂದ ಅದನ್ನೇ ತಿಂದವು ಮಗಳೇ. ನನ್ನ ಬಾಯಿಗೂ ಹೊಟ್ಟೆಗೂ ಒಗ್ಗಿದ್ದು ಇಲ್ಲಿನ ಹುಲ್ಲು. ಈ ವಯಸ್ಸಲ್ಲಿ ಇನ್ನೇನು ಕಲೀಲಿ? ಅಲ್ನೋಡು."

ಅಲ್ಲಿ ತಟ್ಟೆಯಗಲದ ಮರಿಗಳು ಹೊಸ ಹುಲ್ಲನ್ನ ಕರಕರ ಮೇಯ್ತಿದ್ದವು.

"ಅವಕ್ಕೆ ಈ ರಗಳೆ ಇಲ್ಲ, ಎರಡೂ ತಿಂತಾವೆ. ಎಲ್ಲಾ ಕೀಳ್ಬೇಡ. ಹಳೇ ಹುಲ್ಲಿನ ಸುತ್ತ ಮಾತ್ರ ಕಿತ್ತು, ಅದು ಚಿಗುರೋಕೆ ಜಾಗ ಮಾಡು. ನಾವು ಮುದುಕಿಯರು ಬದುಕ್ತೀವಿ."

ಅಕ್ಕಣಿ ಕಿತ್ತಳು. ತಾನೇ ನೆಟ್ಟಿದ್ದನ್ನ ತನ್ನ ಕೈಯಾರೆ ಕಿತ್ತಳು. ತೋಳು ತುಂಬ ಹುಲ್ಲು ಹೊತ್ತು ಮೇಲೆದ್ದು ಬಂದು ಅತ್ತೆಯ ಮುಂದೆ ಸುರಿದಳು. ಅಜ್ಜಿ ಅಂದಿದ್ದನ್ನೆಲ್ಲ ಹೇಳಿದಳು. "ನಾನೇ ಕಿತ್ತೆ ಅತ್ತೆ. ಇನ್ನೂ ಬಾಕಿ ಇದೆ. ಅದೊಂದು ಮುಗಿಸಿ ಹೊರಡ್ತೀನಿ," ಅಂತ ಗಳಗಳ ಅತ್ತಳು.

"ಕೇಳಿದ್ರಲ್ಲ, ತಾನೇ ಕಿತ್ತಳಂತೆ. ಗಂಟು ಕಟ್ಟಲಿ," ಅಂದ ದುಗ್ಗಪ್ಪ.

"ಸುಮ್ನಿರು ದುಗ್ಗಪ್ಪಣ್ಣ!" ಮುಕಾಂಬು ಎದ್ದು ನಿಂತಳು. "ನನ್ನ ಹಿತ್ತಲ ಬಸಳೆ ಗೊತ್ತಲ್ಲ?"

"ಗೊತ್ತಿಲ್ದೆ ಏನು? ನಿನ್ನ ತವರಿನ ಬೇರು."

"ಮಣ್ಣಂಗಟ್ಟಿ! ನಾನು ತಂದಿದ್ದು ಮೊದಲ ಮಳೆಗಾಲಕ್ಕೇ ಕೊಳೆತು ಸತ್ತಿತ್ತು. ವಾಪಸ್ ಕಳಿಸ್ತಾರೆ ಅಂತ ಹೆದರಿ, ಸಂತೆಯಿಂದ ಕಡ್ಡಿ ತಂದು ಚುಚ್ಚಿದೆ. ಇಷ್ಟು ವರ್ಷ ನೀನು ಚಪ್ಪರಿಸಿದ ಸಾರು ಅದರದ್ದೇ. ಬೇರು ಸತ್ತೋಯ್ತು, ನಾನು ಎಲ್ಲಿಗಾದ್ರೂ ಹೋದ್ನಾ?"

ಆಮೇಲೆ ಹಿಂದಿನಿಂದ ಒಬ್ಬಳು, "ನನ್ನ ಮಲ್ಲಿಗೆ ಆಡು ತಿಂದಿತ್ತು," ಅಂದಳು. ಇನ್ನೊಬ್ಬಳು, "ನಂದು ನೆರೆಯಲ್ಲಿ ಕೊಚ್ಕೊಂಡು ಹೋಯ್ತು," ಅಂದಳು. ದುಗ್ಗಪ್ಪ ಸಿಟ್ಟಲ್ಲಿ ತನ್ನ ಹೆಂಡತಿ ಕಡೆ ತಿರುಗಿದ. ಅವಳು ಸೆರಗಿನ ತುದಿ ತಿರುವ್ತಾ, "ನಂದು ದೋಣಿಯಲ್ಲಿ ಬರ್ತಾನೇ ನೀರಿಗೆ ಬಿದ್ದಿತ್ತು ಕಣ್ರೀ," ಅಂದಳು.

ಮುಕಾಂಬು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಸೊಸೆಯ ಕೈ ಹಿಡಿದಳು. "ಬಾರೇ ಮಗಳೇ, ಎಲ್ಲಿಂದ ಕೀಳ್ಬೇಕು ತೋರ್ಸು." ಅತ್ತೆ ಸೊಸೆ ನೀರಿಗಿಳಿದರು. ಹಿಂದೆಯೇ ಊರ ಹೆಂಗಸರೆಲ್ಲ ಇಳಿದರು. ಕೊನೆಗೆ ದುಗ್ಗಪ್ಪನ ಹೆಂಡತಿಯೂ ಇಳಿದಳು.

ಹಳೇ ಹುಲ್ಲು ಚಿಗುರಿತು, ಅಜ್ಜಿ ಮೇಯಿತು. ಅಕ್ಕಣಿ ಆ ಮನೆಯಲ್ಲೇ ಹೆತ್ತಳು, ಅಲ್ಲೇ ಮುದುಕಿಯಾದಳು. ಅಲ್ಲಿ ಅವರಿಗೆ ಹೊಟ್ಟೆ ತುಂಬಿತು, ಇಲ್ಲಿ ನನಗೆ ಗಂಟಲು ಒಣಗಿತು. ಯಾರಾದ್ರೂ ಒಂದು ಲೋಟ ನೀರು ತನ್ನಿ.