ಅಮ್ಮನ ಸೀರೆಯ ಹೂಗಳು

ದರ್ಜಿಗೆ ಅಳತೆ ತೆಗೆದು ಗೊತ್ತೇ ಹೊರತು ಇನ್ನೊಬ್ಬರ ಮನೆ ಮಾತಿಗೆ ಬಾಯಿ ಹಾಕಿ ಗೊತ್ತಿಲ್ಲ. ಅಕ್ಕ ತಂಗಿ ಇಬ್ಬರೂ ಮೇಜಿನ ಮೇಲೆ ಸೀರೆಯ ರಾಶಿ ಇಟ್ಟು ನಿಂತಿದ್ದರು.

“ಇವನ್ನೆಲ್ಲ ಕತ್ತರಿಸಿಕೊಡಿ, ಅಲಂಕಾರಕ್ಕೆ ಬಟ್ಟೆ ಹೂ ನಾನೇ ಮಾಡ್ಕೋತೀನಿ,” ಅಂದಳು ತಂಗಿ. “ನನ್ನ ಮದುವೆ ಹಾಲ್ ತುಂಬ ಅಮ್ಮನ ನೆನಪೇ ಇರ್ಬೇಕು.”

“ಅಮ್ಮ ಇನ್ನೂ ಬದುಕಿದ್ದಾಳೆ ಕಣೇ.”

“ನಾನ್ಯಾರು ಅಂತ್ಲೇ ಅವಳಿಗೆ ಗೊತ್ತಿಲ್ವಲ್ಲಕ್ಕ.”

“ಮದುವೆ ಅಂತ ಗೊತ್ತು. ಬೆಳಗ್ಗೆಯಿಂದ ಖಾಲಿ ಬೀರು ಮುಂದೆ ನಿಂತ್ಕೊಂಡು, ಏನುಡ್ಲಿ ಅಂತ ಕೇಳ್ತಿದ್ದಾಳೆ.”

“ಅವಳನ್ನ ಕರ್ಕೊಂಡು ಬರ್ಬೇಡ. ಬಂದೋರ ಮುಂದೆ ಮರ್ಯಾದೆ ತೆಗೀತಾಳೆ.”

ಅಕ್ಕ ರಾಶಿಯಿಂದ ಒಂದು ಸೀರೆ ಎಳೆದುಕೊಂಡು, ಎದೆಗವಚಿಕೊಂಡು ಹೊರಟೇಬಿಟ್ಟಳು.

ತಂಗಿ ಬಾಗಿಲ ತನಕ ಹೋಗಿ ದರ್ಜಿಯತ್ತ ತಿರುಗಿದಳು.

“ಜೋಪಾನ ಕಣಣ್ಣ. ನಮ್ಮಮ್ಮನ ಸೀರೆಗಳು ಅವು.”