ಕೂಸಿಗೆ ಇಟ್ಟ ಹೆಸರು

ದೇಶಪಾಂಡೆ ನಗರದಲ್ಲಿ ಬಸ್ ಹತ್ತಿದ ಅತ್ತೆ, ಸೊಸೆ ನನ್ನ ಮುಂದಿನ ಸೀಟಿನಲ್ಲಿ ಕುಳಿತರು. ಕೂಸು ಅತ್ತೆಯ ತೊಡೆಯ ಮೇಲಿತ್ತು.

“ರವಿವಾರ ಚರ್ಚಿನ್ಯಾಗ ದೀಕ್ಷಾಸ್ನಾನ. ಪಾಸ್ಟರಿಗೆ ಕೂಸಿನ ಹೆಸರು ಹೇಳಿ ಬಂದೇನಿ,” ಎಂದರು ಅತ್ತೆ.

“ಏನಂತ ಹೇಳಿದ್ರಿ?”

“ಸಲೋಮಿ.”

ಸೊಸೆ ಅತ್ತೆಯ ಕಡೆ ತಿರುಗಿದಳು.

“ಅದು ನಿಮ್ಮ ಮಗನ ಮೊದಲನೇ ಹೆಂಡ್ತಿ ಹೆಸರಲ್ರಿ, ಅತ್ತಿ?”

“ಹೌದು. ಆಕಿ ದೇವರ ಹತ್ರ ಹೋದಮ್ಯಾಲೆ ಮನ್ಯಾಗ ಆ ಹೆಸರೇ ಕೇಳಿಸವಲ್ದು.”

“ನಾವಿಬ್ರೂ ಬ್ಯಾರೆ ಹೆಸರು ಆರಿಸಿದ್ವಿ. ಅವರೂ ಹೂಂ ಅಂದಿದ್ರು.”

“ನಿನ್ನ ಮುಂದ ಹೂಂ ಅಂದಾನ. ಈ ಹೆಸರು ಕೇಳಿ ನನ್ನ ಮುಂದ ಅತ್ತ.”

“ದಿನಾ ಆಕಿ ಫೋಟೋ ಒರಸ್ತೇನ್ರಿ. ಆಕಿ ಮಾಡಿದಂಗ ಅಡಿಗಿ ಮಾಡೂದು ಕಲ್ತೇನಿ. ಯಾವತ್ತರ ಒಲ್ಲೆ ಅಂದೇನೇನ್ರಿ?”

“ಮತ್ತ ಇದಕ್ಕೂ ಅನಬ್ಯಾಡ.”

“ಹಡದಾಕಿ ನಾನ್ರಿ.”

“ಆಕಿಗೆ ಮಕ್ಕಳಾಗಲಿಲ್ಲ. ಆಕಿ ಹಡದಿದ್ರ ನಿನ್ನ ಯಾಕ ತರ್ತಿದ್ವಿ?”

ಕೂಸು ಅಳತೊಡಗಿತು. ಸೊಸೆ ಕೈ ಚಾಚಿದಳು.

“ಹಸದೈತ್ರಿ, ಕೊಡ್ರಿ.”

“ಹೆಸರು ಹಿಡಿದು ಕರಿ, ಕೊಡ್ತೇನಿ.”

“ಅತ್ತಿ, ಹಾಲು ಕುಡಸ್ತೇನ್ರಿ.”

“ಕರಿ ಅಂದೆ.”

ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ನವನಗರ ಬಂದಾಗಲೂ ಕೂಸಿನ ಅಳು ನಿಂತಿರಲಿಲ್ಲ. ಇಬ್ಬರೂ ಎದ್ದು ಬಾಗಿಲ ಕಡೆ ನಡೆದರು. ಅಲ್ಲಿ ಸೊಸೆ ತಗ್ಗಿದ ದನಿಯಲ್ಲಿ, “ಸಲೋಮಿ,” ಎಂದಳು.

“ಇನ್ನಷ್ಟು ಜೋರ್ಲೆ ಕರಿ. ಕೂಸಿಗೆ ಕೇಳಿಸ್ಲಿ,” ಎನ್ನುತ್ತ ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಇಳಿದರು.